ಇಲ್ಲ, ಅಲ್ಲ, ಬೇಡ: ಮೂರಕ್ಕೂ ಒಂದೇ ‘ಕೈನ್’

ಜರ್ಮನ್ ಕಲಿಯಲು ಹೊರಟ ಕನ್ನಡಿಗರನ್ನು ಎಲ್ಲರೂ ಹೆದರಿಸುವುದು ಲಿಂಗದ ಹೆಸರು ಹೇಳಿ. ಮೇಜು ಗಂಡು, ದೀಪ ಹೆಣ್ಣು, ಪುಸ್ತಕ ನಪುಂಸಕ. ಯಾಕೆ ಎಂದು ಕೇಳಬಾರದು, ಬಾಯಿಪಾಠ ಮಾಡಬೇಕು. ಅದಕ್ಕೆ ನಾನು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಒಂದು ವಸ್ತು ‘ಇಲ್ಲ’ ಎಂದು ಹೇಳುವುದರಲ್ಲಿ ಆ ಭಾಷೆಯ ಅರ್ಧ ವ್ಯಾಕರಣ ಅಡಗಿದೆ ಎಂಬುದನ್ನು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ. ನಾನು ನರ್ಸ್. ಜರ್ಮನಿಯಲ್ಲಿ ನಮ್ಮ ಪದವಿಗೆ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ-2 ಹಂತದವರೆಗೆ (ಭಾಷಾ ಕಲಿಕೆಯ ಆರು ಹಂತಗಳಲ್ಲಿ ನಾಲ್ಕನೆಯದು) ಭಾಷೆ ಬರಬೇಕು. ಆಸ್ಪತ್ರೆಯಲ್ಲಿ ದಿನಕ್ಕೆ ಎಷ್ಟು ಸಲ ‘ಜ್ವರ ಇಲ್ಲ’, ‘ನೋವು ಇಲ್ಲ’, ‘ಇದು ಅವರ ಮಾತ್ರೆ ಅಲ್ಲ’ ಎನ್ನುತ್ತೇವೆ ಎಂಬುದನ್ನು ನೆನೆಸಿಕೊಂಡರೆ, ಈ ಪಾಠ ನನಗೆ ಏಕೆ ಅಷ್ಟು ದೊಡ್ಡದಾಗಿ ಕಂಡಿತು ಎಂಬುದು ಓದುಗರಿಗೆ ಅರ್ಥವಾದೀತು.

ಬೆಂಗಳೂರಿನ ತರಗತಿಯಲ್ಲಿ ಆ ಪಾಠ ಬಂದ ದಿನ ಹಲಗೆಯ ಮೇಲೆ ಎರಡೇ ಪದಗಳಿದ್ದವು: ‘ಕೈನ್’ ಮತ್ತು ‘ನಿಷ್ಟ್’. (ನಿಷ್ಟ್ ಎಂದು ಬರೆಯುತ್ತಿದ್ದೇನೆ, ಆದರೆ ಆ ನಡುವಿನ ಸದ್ದು ನಮ್ಮ ಷಕಾರಕ್ಕೂ ಹಕಾರಕ್ಕೂ ಮಧ್ಯೆ, ನಾಲಿಗೆಯನ್ನು ಅಂಗುಳಕ್ಕೆ ತಾಗಿಸದೆ ಗಾಳಿ ಬಿಟ್ಟಂತೆ ಬರುತ್ತದೆ. ‘ನಾನು’ ಎಂಬರ್ಥದ ‘ಇಷ್’ ಕೂಡ ಹಾಗೆಯೇ.) ಕನ್ನಡದವರಿಗೆಲ್ಲ ಒಳಗೊಳಗೇ ಖುಷಿ. ನಮ್ಮಲ್ಲಿಯೂ ಎರಡಿವೆಯಲ್ಲ! ‘ಇಲ್ಲ’ ಮತ್ತು ‘ಅಲ್ಲ’. ಹಿಂದಿಯವರು ಎಲ್ಲದಕ್ಕೂ ‘ನಹೀ’ ಎಂದು ಮುಗಿಸುತ್ತಾರೆ. ನಾವು ಹುಟ್ಟಿನಿಂದಲೇ ಎರಡನ್ನೂ ಬೇರೆ ಬೇರೆಯಾಗಿ ಬಳಸಿಕೊಂಡು ಬಂದವರು. ಹಾಗಾಗಿ ‘ಅಲ್ಲ’ ಎಂಬಲ್ಲಿ ಕೈನ್, ‘ಇಲ್ಲ’ ಎಂಬಲ್ಲಿ ನಿಷ್ಟ್ ಎಂದು ಹೊಂದಿಸಿಬಿಟ್ಟರೆ ಆಯಿತು ಎಂಬ ಲೆಕ್ಕ ತರಗತಿಯಲ್ಲಿ ಬೇಗನೆ ಹರಡಿತು.

ಆ ಲೆಕ್ಕ ಎರಡು ವಾಕ್ಯಗಳವರೆಗೂ ಬಾಳುವುದಿಲ್ಲ. ‘ಇದು ರಕ್ತ ಅಲ್ಲ’ ಎನ್ನಲು ಜರ್ಮನ್ನರು ‘ಡಾಸ್ ಇಸ್ಟ್ ಕೈನ್ ಬ್ಲೂಟ್’ ಎನ್ನುತ್ತಾರೆ. ಸರಿ, ಅಲ್ಲ ಎಂಬಲ್ಲಿ ಕೈನ್ ಬಂತು. ಆದರೆ ‘ನನಗೆ ಜ್ವರ ಇಲ್ಲ’ ಎನ್ನುವಾಗಲೂ ‘ಇಷ್ ಹಾಬೆ ಕೈನ್ ಫೀಬರ್’. ‘ನನಗೆ ಕಾಫಿ ಬೇಡ’ ಎನ್ನುವಾಗಲೂ ‘ಇಷ್ ಮ್ಯೋಷ್ಟೆ ಕೈನೆನ್ ಕಫೆ’. ನಾವು ಇಲ್ಲ, ಅಲ್ಲ, ಬೇಡ ಎಂದು ಮೂರು ದಾರಿ ಹಿಡಿಯುವ ಕಡೆ ಅವರಿಗೆ ಒಂದೇ ಕೈನ್ ಸಾಕು. ಇನ್ನೊಂದು ಕಡೆ, ‘ಇದು ನನ್ನ ಹಾಸಿಗೆ ಅಲ್ಲ’ ಎಂದರೆ ‘ಡಾಸ್ ಇಸ್ಟ್ ನಿಷ್ಟ್ ಮೈನ್ ಬೆಟ್’. ಇಲ್ಲಿಯೂ ‘ಅಲ್ಲ’ವೇ, ಆದರೆ ಕೈನ್ ಕಾಣೆ! ನಾವು ಭಾಗ ಮಾಡುವ ಗೆರೆಯೇ ಬೇರೆ, ಅವರು ಭಾಗ ಮಾಡುವ ಗೆರೆಯೇ ಬೇರೆ. ಕನ್ನಡ ನೋಡುವುದು ಇರುವಿಕೆಯನ್ನು ಅಲ್ಲಗಳೆಯುತ್ತಿದ್ದೇವೆಯೋ, ಗುರುತನ್ನೋ, ಬಯಕೆಯನ್ನೋ ಎಂಬುದನ್ನು. ಜರ್ಮನ್ ಅದನ್ನು ಕೇಳುವುದೇ ಇಲ್ಲ. ನಾಮಪದದ ಮುಂದೆ ಏನು ನಿಂತಿದೆ ಎಂಬುದನ್ನಷ್ಟೇ ನೋಡುತ್ತದೆ.

ನಮಗೆ ಕಲಿಸುತ್ತಿದ್ದ ಮೇಡಂ ಧಾರವಾಡದ ಕಡೆಯವರು. ಅವರು ಹೇಳಿದ ಒಂದು ಮಾತು ನನಗೆ ಇಂದಿಗೂ ಕೆಲಸಕ್ಕೆ ಬರುತ್ತಿದೆ: “ಮೊದಲು ‘ಇದೆ’ ಅನ್ನಿರಿ. ಆಮೇಲೆ ‘ಇಲ್ಲ’ ಅನ್ನುವಿರಂತೆ.” ಅಂದರೆ, ನಿಷೇಧದ ವಾಕ್ಯವನ್ನು ನೇರವಾಗಿ ಕಟ್ಟಲು ಹೋಗಬಾರದು. ಅದರ ‘ಹೌದು’ ರೂಪವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. ಅಲ್ಲಿ ನಾಮಪದದ ಮುಂದೆ ‘ಐನ್’ (ಒಂದು) ಇದ್ದರೆ, ಅಥವಾ ಕಾಫಿ, ಜ್ವರ, ಸಮಯ, ಹಣ ಎಂಬಂತೆ ಏನೂ ಇಲ್ಲದೆ ಬರಿಯ ನಾಮಪದ ಇದ್ದರೆ, ಆ ಜಾಗದಲ್ಲಿ ಕೈನ್ ಬರುತ್ತದೆ. ಡೆರ್, ಡೀ, ಡಾಸ್ ಎಂಬ ನಿರ್ದಿಷ್ಟ ಗುರುತು ಇದ್ದರೆ, ‘ನನ್ನ’, ‘ಈ’ ಮುಂತಾದವು ಇದ್ದರೆ, ಅಥವಾ ಅದು ವ್ಯಕ್ತಿಯ ಹೆಸರಾಗಿದ್ದರೆ, ನಿಷ್ಟ್. ‘ನಾನು ಫ್ರಾವ್ ಮ್ಯುಲರ್ ಅಲ್ಲ’ ಎಂದು ರೋಗಿಯೊಬ್ಬರು ಹೇಳಬೇಕಾದರೆ ಅಲ್ಲಿ ನಿಷ್ಟ್ ಬೇಕು. ನಿಯಮ ಇಷ್ಟೇ. ಪುಸ್ತಕದಲ್ಲಿ ಅರ್ಧ ಪುಟ.

ನಿಜವಾದ ತೊಡಕು ನಿಯಮದಲ್ಲಿ ಅಲ್ಲ, ಅದಕ್ಕೆ ಸಿಗುವ ಸಮಯದಲ್ಲಿ. ಕನ್ನಡದಲ್ಲಿ ನಿಷೇಧ ವಾಕ್ಯದ ಕೊನೆಗೆ ಬರುತ್ತದೆ. ‘ನನ್ನ ಹತ್ತಿರ ಈಗ ಅಷ್ಟು ದುಡ್ಡು...’ ಎನ್ನುವವರೆಗೂ ಇದೆಯೋ ಇಲ್ಲವೋ ಎಂಬುದನ್ನು ಯೋಚಿಸಲು ಬಿಡುವಿದೆ. ಜರ್ಮನ್‌ನಲ್ಲಿ ಕೈನ್ ನಾಮಪದಕ್ಕಿಂತ ಮೊದಲೇ ಬಾಯಿಂದ ಹೊರಡಬೇಕು. ಬರೀ ಹೊರಟರೆ ಸಾಲದು, ಮುಂದೆ ಬರುವ ನಾಮಪದದ ಲಿಂಗ, ವಚನ, ವಿಭಕ್ತಿ ಮೂರನ್ನೂ ಹೊತ್ತುಕೊಂಡೇ ಬರಬೇಕು. ಕೈನ್ ಎಂಬುದರೊಳಗೆ ಐನ್ ಕುಳಿತಿದೆ. ಐನ್ ಹೇಗೆ ಬದಲಾಗುತ್ತದೆಯೋ ಕೈನ್ ಹಾಗೆಯೇ ಬದಲಾಗುತ್ತದೆ. ಪುಲ್ಲಿಂಗ ಕರ್ಮಪದವಾದರೆ ‘ಕೈನೆನ್’, ಸ್ತ್ರೀಲಿಂಗಕ್ಕೆ ‘ಕೈನೆ’, ನಪುಂಸಕಕ್ಕೆ ‘ಕೈನ್’, ಚತುರ್ಥಿಯಂಥ ಮೂರನೆಯ ವಿಭಕ್ತಿಯಲ್ಲಿ ‘ಕೈನೆಮ್’, ‘ಕೈನರ್’. ‘ಒಂದು’ ಎಂಬುದಕ್ಕೆ ಬಹುವಚನ ಇರಲು ಸಾಧ್ಯವಿಲ್ಲ, ಆದರೆ ‘ಒಂದೂ ಇಲ್ಲ’ ಎಂಬುದಕ್ಕೆ ಇದೆ: ಅಲ್ಲಿಯೂ ‘ಕೈನೆ’. ಹೀಗಾಗಿ ಜರ್ಮನ್‌ನಲ್ಲಿ ಸಕ್ಕರೆ ಇಲ್ಲ ಎನ್ನುವ ಮೊದಲು ಸಕ್ಕರೆ ಗಂಡು ಎಂಬುದು ಗೊತ್ತಿರಬೇಕು. ಹಾಲು ಇಲ್ಲ ಎನ್ನಲು ಹಾಲು ಹೆಣ್ಣು ಎಂಬುದು ಗೊತ್ತಿರಬೇಕು. ಲಿಂಗ ಗೊತ್ತಿಲ್ಲದವರು ಇಲ್ಲ ಎನ್ನಲೂ ಆಗುವುದಿಲ್ಲ.

ಇದಕ್ಕೆ ಓದುವುದಕ್ಕಿಂತ ಹೇಳಿ ರೂಢಿ ಮಾಡಿಕೊಳ್ಳುವುದೇ ಮದ್ದು ಎನಿಸಿ, ಇರುತ್ತಿದ್ದ ಪಿಜಿ ಕೋಣೆಯಲ್ಲಿ ಒಂದು ಅಭ್ಯಾಸ ಹಚ್ಚಿಕೊಂಡೆ. ರಾತ್ರಿ ಊಟದ ನಂತರ ಕೋಣೆಯಲ್ಲಿ ಏನೇನು ಇಲ್ಲವೋ ಅದನ್ನೆಲ್ಲ ಗಟ್ಟಿಯಾಗಿ ಹೇಳುವುದು. ಫ್ರಿಜ್ ಇಲ್ಲ: ‘ಕೈನೆನ್ ಕ್ಯೂಲ್‌ಶ್ರಾಂಕ್’. ಟಿವಿ ಇಲ್ಲ: ‘ಕೈನೆನ್ ಫರ್ನ್‌ಝೇಯರ್’. ಒಲೆ ಇಲ್ಲ, ಬಾಲ್ಕನಿ ಇಲ್ಲ, ಕನ್ನಡಿ ಇಲ್ಲ. ಇವೆಲ್ಲ ಗಂಡುಗಳೇ, ಆದ್ದರಿಂದ ಎಲ್ಲಕ್ಕೂ ಕೈನೆನ್. ಅಡುಗೆಮನೆ ಇಲ್ಲ ಎಂದಾಗ ಮಾತ್ರ ‘ಕೈನೆ ಕ್ಯುಷೆ’ ಎಂದು ದಾರಿ ಬದಲಾಗುತ್ತಿತ್ತು. ಜೊತೆಗಿದ್ದ ಹಾಸನದ ಹುಡುಗಿ ಕೇಳಿ ಕೇಳಿ ತಾನೂ ಸೇರಿಕೊಂಡಳು. ಅವಳು ‘ಇದೆ’ ಎಂದರೆ ನಾನು ‘ಇಲ್ಲ’ ಎನ್ನುವುದು, ಮರುದಿನ ಅದಲು ಬದಲು. ಇಲ್ಲದ್ದನ್ನು ಹೀಗೆ ಎಣಿಸುವುದರಿಂದ ಒಂದು ಲಾಭವಾಯಿತು. ವಸ್ತುವಿನ ಹೆಸರು ನೆನಪಾಗುವ ಮುನ್ನವೇ ಅದರ ಲಿಂಗ ಬಾಯಿಗೆ ಬರತೊಡಗಿತು. ಪಟ್ಟಿ ನೋಡಿ ‘ಡೆರ್, ಡೀ, ಡಾಸ್’ ಉರು ಹೊಡೆದದ್ದಕ್ಕಿಂತ ಇದು ನನ್ನಲ್ಲಿ ಹೆಚ್ಚು ಗಟ್ಟಿಯಾಗಿ ಉಳಿಯಿತು. ಯಾರಾದರೂ ಕೇಳಿದರೆ ಈ ಅಭ್ಯಾಸವನ್ನೇ ಮೊದಲು ಹೇಳುತ್ತೇನೆ.

ನಿಷ್ಟ್ ವಿಷಯದಲ್ಲಿ ಕನ್ನಡ ಸಹಾಯಕ್ಕೆ ಬಂತು. ನಿರ್ದಿಷ್ಟ ವಸ್ತುವನ್ನು ಕುರಿತು ಇಡೀ ವಾಕ್ಯವನ್ನೇ ನಿಷೇಧಿಸುವಾಗ ನಿಷ್ಟ್ ಬಹುಮಟ್ಟಿಗೆ ಕೊನೆಗೆ ಸರಿಯುತ್ತದೆ, ನಮ್ಮ ‘ಇಲ್ಲ’ದ ಹಾಗೆಯೇ. ‘ಆ ಮನುಷ್ಯ ನನಗೆ ಗೊತ್ತಿಲ್ಲ’ ಎಂಬುದು ‘ಇಷ್ ಕೆನೆ ಡೆನ್ ಮಾನ್ ನಿಷ್ಟ್’. ಆದರೆ ವಾಕ್ಯದ ಒಂದು ಭಾಗವನ್ನಷ್ಟೇ ತೆಗೆದು ಇನ್ನೊಂದನ್ನು ಇಡುವಾಗ ಅದು ಆ ಭಾಗದ ಮುಂದೆ ನಿಲ್ಲುತ್ತದೆ: ‘ನಿಷ್ಟ್ ಹೊಯ್ಟೆ, ಝೊಂಡರ್ನ್ ಮೋರ್ಗೆನ್’, ಇವತ್ತಲ್ಲ, ನಾಳೆ. ಕನ್ನಡದಲ್ಲಿ ‘ಅಲ್ಲ’ ಹಿಂದೆ ಅಂಟಿಕೊಂಡರೆ ಅಲ್ಲಿ ನಿಷ್ಟ್ ಮುಂದೆ ಅಂಟಿಕೊಳ್ಳುತ್ತದೆ. ಇಲ್ಲ ಮತ್ತು ಅಲ್ಲ ಎಂಬ ನಮ್ಮ ಭೇದ ಕೈನ್ ಬಳಿ ಉಪಯೋಗಕ್ಕೆ ಬರದಿದ್ದರೂ ನಿಷ್ಟ್ ಎಲ್ಲಿ ನಿಲ್ಲಬೇಕೆಂಬುದನ್ನು ತಿಳಿಸುವಲ್ಲಿ ಕೈ ಹಿಡಿಯಿತು.

ಪರೀಕ್ಷೆಗಳನ್ನು ಮುಗಿಸಿ ನಾನು ಬಂದು ಸೇರಿದ್ದು ನೈರುತ್ಯ ಜರ್ಮನಿಯ ಟ್ಯೂಬಿಂಗೆನ್‌ಗೆ. ನೆಕರ್ ನದಿಯ ದಂಡೆಯ ಹಳೆಯ ವಿಶ್ವವಿದ್ಯಾಲಯದ ಊರು. ಕೆಲಸ ಶುರುವಾಗುವ ಮೊದಲೇ ಬೀದಿಯ ಫಲಕಗಳು ಪಾಠ ಹೇಳತೊಡಗಿದವು. ಅಂಚೆಪೆಟ್ಟಿಗೆಗಳ ಮೇಲೆ ‘ಬಿಟೆ ಕೈನೆ ವೆರ್ಬುಂಗ್’, ಜಾಹೀರಾತು ಹಾಕಬೇಡಿ. ರೈಲಿನ ಶೌಚಾಲಯದ ನಲ್ಲಿಯ ಬಳಿ ‘ಕೈನ್ ಟ್ರಿಂಕ್‌ವಾಸರ್’, ಕುಡಿಯುವ ನೀರಲ್ಲ. ಬಾಗಿಲುಗಳ ಮೇಲೆ ‘ಕೈನ್ ತ್ಸೂಟ್ರಿಟ್’, ಪ್ರವೇಶವಿಲ್ಲ. ಬೇಡಿ, ಅಲ್ಲ, ಇಲ್ಲ: ಮೂರೂ ಸಾಲಾಗಿ ಸಿಕ್ಕವು. ಕೊನೆಯ ನಿಲ್ದಾಣ ತಲುಪಿದ ರೈಲಿನ ಮೇಲೆ ಮಾತ್ರ ‘ಬಿಟೆ ನಿಷ್ಟ್ ಐನ್‌ಶ್ಟೈಗೆನ್’, ಹತ್ತಬೇಡಿ. ಹತ್ತುವುದು ಕ್ರಿಯಾಪದ, ಆದ್ದರಿಂದ ನಿಷ್ಟ್. ನಾಮಪದವಿದ್ದ ಕಡೆ ಕೈನ್, ಕ್ರಿಯಾಪದವಿದ್ದ ಕಡೆ ನಿಷ್ಟ್ ಎಂದು ಇಡೀ ಊರೇ ಗೋಡೆಯ ಮೇಲೆ ಬರೆದಿಟ್ಟಂತಿತ್ತು.

ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಹಿಂದಿನ ಪಾಳಿಯವರು ಒಬ್ಬೊಬ್ಬ ರೋಗಿಯ ಸ್ಥಿತಿಯನ್ನೂ ಹೇಳಿ ಒಪ್ಪಿಸುತ್ತಾರೆ. ‘ಯೂಬರ್‌ಗಾಬೆ’ ಎನ್ನುತ್ತಾರೆ ಅದಕ್ಕೆ. ಅದರಲ್ಲಿ ಅರ್ಧಕ್ಕರ್ಧ ಇಲ್ಲಗಳೇ. ಜ್ವರ ಇಲ್ಲ, ವಾಕರಿಕೆ ಇಲ್ಲ, ಉಸಿರಾಟದ ತೊಂದರೆ ಇಲ್ಲ, ತಿಳಿದ ಅಲರ್ಜಿ ಇಲ್ಲ. ನಮ್ಮ ಕೆಲಸದಲ್ಲಿ ಇಲ್ಲ ಎಂಬುದು ಖಾಲಿ ಮಾತಲ್ಲ. ‘ಅಲರ್ಜಿ ಇಲ್ಲ’ ಎಂದು ಬರೆದರೆ, ಕೇಳಿ ನೋಡಿದ್ದೇವೆ, ಇಲ್ಲ ಎಂದರು ಎಂದರ್ಥ. ಏನೂ ಬರೆಯದಿದ್ದರೆ ಕೇಳಿಯೇ ಇಲ್ಲ ಎಂದೂ ಆಗಬಹುದು. ಅದಕ್ಕೇ ಕೈನ್ ಬರೆಯುವಾಗ ನಾನು ಕೈ ತಡೆದು ಬರೆಯುತ್ತೇನೆ.

ಇಲ್ಲಿ ವ್ಯಾಕರಣದ ಇನ್ನೊಂದು ಸೂಕ್ಷ್ಮ ಕಂಡಿತು. ದಾಖಲೆಯಲ್ಲಿ ಕ್ರಿಯಾಪದ ಬರೆಯುವುದಿಲ್ಲ, ಚುಟುಕಾಗಿ ‘ಕೈನ್ ಅಪೆಟೀಟ್’ (ಹಸಿವಿಲ್ಲ) ಎಂದು ಬರೆಯುತ್ತಾರೆ. ಅದನ್ನೇ ಬಾಯಲ್ಲಿ ಪೂರ್ತಿ ವಾಕ್ಯವಾಗಿ ಹೇಳುವಾಗ ‘ಝೀ ಹಾಟ್ ಕೈನೆನ್ ಅಪೆಟೀಟ್’ ಆಗುತ್ತದೆ. ಹಸಿವು ಪುಲ್ಲಿಂಗ, ಒಂಟಿಯಾಗಿ ನಿಂತಾಗ ಕೈನ್, ‘ಹೊಂದಿದ್ದಾಳೆ’ ಎಂಬ ಕ್ರಿಯೆಗೆ ಕರ್ಮವಾದಾಗ ಕೈನೆನ್. ಜ್ವರ ನಪುಂಸಕ, ಅದು ಎರಡು ಕಡೆಯೂ ಕೈನ್. ವಾಕರಿಕೆ ಸ್ತ್ರೀಲಿಂಗ, ಎರಡು ಕಡೆಯೂ ಕೈನೆ. ಬದಲಾಗುವುದು ಪುಲ್ಲಿಂಗ ಒಂದೇ. ಹಾಳೆ ನೋಡಿಕೊಂಡು ಹೇಳುವಾಗ ಹಾಳೆಯ ರೂಪವನ್ನೇ ಓದಿಬಿಡುವ ಸೆಳೆತ ಇರುತ್ತದೆ. ಆದ್ದರಿಂದ ಒಂದು ಚಿಕ್ಕ ಪುಸ್ತಕದಲ್ಲಿ ನಮ್ಮ ಕೆಲಸಕ್ಕೆ ಬೇಕಾದ ಪುಲ್ಲಿಂಗ ಪದಗಳನ್ನಷ್ಟೇ ಬೇರೆ ಬರೆದುಕೊಂಡೆ: ಹಸಿವು, ಬಾಯಾರಿಕೆ, ಕೆಮ್ಮು, ಮಲವಿಸರ್ಜನೆ, ತಲೆಸುತ್ತು. ಇವುಗಳ ಮೇಲೆ ಕಣ್ಣಿಟ್ಟರೆ ಉಳಿದವು ತಾವಾಗಿಯೇ ಸರಿ ಹೋಗುತ್ತವೆ.

ಕೈನ್ ಮತ್ತು ನಿಷ್ಟ್ ನಡುವೆ ಇರುವ ಅಂತರ ಬರೀ ಪರೀಕ್ಷೆಯ ಅಂಕದ ಮಾತಲ್ಲ ಎಂಬುದು ಮನದಟ್ಟಾದದ್ದು ಬೆಳಗಿನ ಪಾಳಿಯೊಂದರಲ್ಲಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ನಾಲ್ಕು ಮನೆಗಳಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾತ್ರೆಗಳನ್ನು ಹಾಕಿ ಕೊಡುತ್ತೇವೆ. ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿ ಬೆಳಗಿನ ಮನೆಯ ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡು, ಒಂದು ಬಿಳಿ ಮಾತ್ರೆಯನ್ನು ತೋರುಬೆರಳಿನಿಂದ ತಟ್ಟೆಯ ಅಂಚಿಗೆ ತಳ್ಳಿ, “ಇಷ್ ನೇಮೆ ಡೀ ಟಬ್ಲೆಟೆ ನಿಷ್ಟ್” ಎಂದರು. ‘ಈ ಮಾತ್ರೆ ತೆಗೆದುಕೊಳ್ಳುವುದಿಲ್ಲ.’ ‘ಡೀ’ ಮತ್ತು ‘ನಿಷ್ಟ್’ ಎರಡೂ ಸೇರಿ ಆ ಒಂದು ಮಾತ್ರೆಯನ್ನೇ ಗುರಿಯಾಗಿಸಿದ್ದವು. ಉಳಿದವನ್ನು ಅವರು ಆಗಲೇ ನೀರಿನೊಂದಿಗೆ ನುಂಗಿದ್ದರು. ಅವರು ‘ಇಷ್ ನೇಮೆ ಕೈನೆ ಟಬ್ಲೆಟೆನ್’ ಎಂದಿದ್ದರೆ ವಿಷಯವೇ ಬೇರೆ. ಆಗ ಅವರು ಯಾವ ಮಾತ್ರೆಯನ್ನೂ ತೆಗೆದುಕೊಳ್ಳದವರು, ಅಥವಾ ಎಲ್ಲವನ್ನೂ ನಿರಾಕರಿಸುತ್ತಿರುವವರು. ಮೊದಲನೆಯದಕ್ಕೆ ಯಾವ ಮಾತ್ರೆ, ಏಕೆ ಬೇಡ ಎಂದು ಕೇಳಿ ವೈದ್ಯರಿಗೆ ತಿಳಿಸಬೇಕು. ಎರಡನೆಯದಕ್ಕೆ ಚಿಕಿತ್ಸೆಯ ಬಗ್ಗೆಯೇ ಮಾತಾಡಬೇಕಾಗುತ್ತದೆ. ನಾನು ಪಕ್ಕದಲ್ಲಿ ಕುಳಿತು ಕಾರಣ ಕೇಳಿದೆ. ಆ ಮಾತ್ರೆ ನುಂಗಿದ ಮೇಲೆ ತಲೆ ಸುತ್ತುತ್ತದೆ ಎಂದರು. ಅದನ್ನು ಅವರ ಮಾತಿನಲ್ಲೇ ಬರೆದಿಟ್ಟೆ.

ಪ್ರಶ್ನೆ ಕೇಳುವ ರೀತಿಯನ್ನೂ ಬದಲಿಸಿಕೊಂಡೆ. ನಮ್ಮಲ್ಲಿ “ನೋವೇನೂ ಇಲ್ಲವಲ್ಲ, ಅಜ್ಜಿ?” ಎಂದು ಕಕ್ಕುಲಾತಿಯಿಂದ ಕೇಳುತ್ತೇವೆ. “ಹೌದು, ಇಲ್ಲ” ಎಂದು ಅವರು ಒಪ್ಪುವುದೂ ಸಹಜ. ಜರ್ಮನ್‌ನಲ್ಲಿ “ಹಾಬೆನ್ ಝೀ ಕೈನೆ ಶ್ಮೆರ್ತ್ಸೆನ್?” (ನೋವಿಲ್ಲವೇ?) ಎಂದು ಕೇಳಿದರೆ ನೋವಿಲ್ಲದವರು ‘ನೈನ್’ (ಇಲ್ಲ) ಎನ್ನುತ್ತಾರೆ. ನೋವಿದ್ದವರು ‘ಯಾ’ (ಹೌದು) ಎನ್ನುವುದಿಲ್ಲ, ‘ಡೋಖ್’ ಎನ್ನುತ್ತಾರೆ. ನಿಷೇಧದ ಪ್ರಶ್ನೆಯನ್ನು ತಿರುವಿ ಹಾಕಲೆಂದೇ ಇರುವ ಪದ ಅದು. ಎಷ್ಟು ಚೆಂದದ ಪದ! ಆದರೂ ನೋವಿನಲ್ಲಿ ನರಳುವವರಿಂದ ಒಂದು ಸಣ್ಣ ‘ಡೋಖ್’ ಕೇಳಿಸದೆ ಹೋಗಬಹುದು. ಆದ್ದರಿಂದ ನೋವಿನ ವಿಷಯದಲ್ಲಿ ನಾನು ಕೈನ್ ಹಾಕಿ ಪ್ರಶ್ನೆ ಕೇಳುವುದಿಲ್ಲ. “ನೋವಿದೆಯೇ?” ಎಂದು ನೇರವಾಗಿ ಕೇಳುತ್ತೇನೆ.

ಇನ್ನೊಂದು ಜೋಡಿ ಕನ್ನಡಿಗರಿಗೆ ಬಹಳ ಸುಲಭ. ‘ಇನ್ನೂ ಮಾತ್ರೆ ಸಿಕ್ಕಿಲ್ಲ’ ಎಂಬಲ್ಲಿ ‘ನೋಖ್ ಕೈನೆ’, ‘ಇನ್ನು ಮಾತ್ರೆ ಬೇಡ’ ಎಂಬಲ್ಲಿ ‘ಕೈನೆ... ಮೇರ್’. ನಮ್ಮಲ್ಲಿ ಒಂದು ದೀರ್ಘ, ಒಂದು ಹ್ರಸ್ವ ಮಾಡುವ ಕೆಲಸವನ್ನು ಅಲ್ಲಿ ಎರಡು ಪದಗಳು ಹಂಚಿಕೊಂಡಿವೆ. ಕೇರಳದ, ಫಿಲಿಪೀನ್ಸ್‌ನ ಸಹೋದ್ಯೋಗಿಗಳು ಇಲ್ಲಿ ತಡೆಯುವುದನ್ನು ನೋಡಿದ್ದೇನೆ. ನನಗೆ ಒಮ್ಮೆಯೂ ಗೊಂದಲವಾಗಲಿಲ್ಲ.

ಟ್ಯೂಬಿಂಗೆನ್ ಸುತ್ತಿನ ಹಿರಿಯರು ಆಡುವುದು ಶ್ವಾಬಿಷ್ ಉಪಭಾಷೆ. ಈ ರಾಜ್ಯದವರು ‘ನಮಗೆ ಎಲ್ಲವೂ ಬರುತ್ತದೆ, ಶಿಷ್ಟ ಜರ್ಮನ್ ಒಂದನ್ನು ಬಿಟ್ಟು’ ಎಂಬುದನ್ನು 1999ರಿಂದ 2021ರವರೆಗೆ ಸರ್ಕಾರಿ ಪ್ರಚಾರದ ಘೋಷವಾಕ್ಯವಾಗಿಯೇ ಮಾಡಿಕೊಂಡಿದ್ದವರು. ಇವರ ಬಾಯಲ್ಲಿ ಕೈನ್ ‘ಕೊಯ್’ ಆಗುತ್ತದೆ, ನಿಷ್ಟ್ ‘ನೆಟ್’ ಆಗುತ್ತದೆ, ‘ಏನೂ ಇಲ್ಲ’ ಎಂಬ ನಿಷ್ಟ್ಸ್ ‘ನಿಕ್ಸ್’ ಆಗುತ್ತದೆ. ‘ಈ ಹಾನ್ ಕೊಯ್ನ್ ಹುಂಗರ್’ ಎಂದರೆ ಹಸಿವಿಲ್ಲ ಎಂದು. ಮೊದಲು ಪದ ತಿಳಿಯದಿದ್ದರೂ ರಚನೆ ಕೈ ಬಿಡಲಿಲ್ಲ: ಕೊಯ್ ಎಂಬುದು ನಾಮಪದದ ಮುಂದೆಯೇ ಬರುತ್ತಿತ್ತು, ನೆಟ್ ತನ್ನ ಜಾಗದಲ್ಲೇ ನಿಲ್ಲುತ್ತಿತ್ತು. ಈ ಸೀಮೆಯ ಗಾದೆಯೊಂದು ಹೇಳುತ್ತದೆ, ‘ನೆಟ್ ಗ್ಶಿಂಪ್ಫ್ಟ್ ಇಷ್ ಗ್ಲೋಬ್ಟ್ ಗ್ನುಗ್’, ಬೈಯದಿದ್ದರೆ ಅದೇ ಸಾಕಷ್ಟು ಹೊಗಳಿಕೆ. ವಾರ್ಡಿನ ಹಿರಿಯ ಸಿಸ್ಟರ್ ನನ್ನ ದಾಖಲೆಗಳನ್ನು ಓದಿ ಏನೂ ಹೇಳದೆ ಸಹಿ ಹಾಕಿದಾಗ ಈ ಗಾದೆಯನ್ನು ನಂಬಿ ಸಂತೋಷಪಟ್ಟಿದ್ದೇನೆ.

ಇದೇ ಊರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡವರು ಫರ್ಡಿನಾಂಡ್ ಕಿಟ್ಟೆಲ್. 1894ರ ಅವರ ಕನ್ನಡ–ಇಂಗ್ಲಿಷ್ ನಿಘಂಟು ಎಲ್ಲರಿಗೂ ಗೊತ್ತು. ಅವರ ಕನ್ನಡ ವ್ಯಾಕರಣ ಮಂಗಳೂರಿನಲ್ಲಿ ಅಚ್ಚಾದದ್ದು ಅವರು ತೀರಿಕೊಂಡ ಆ ವರ್ಷವೇ. ನಾನು ಈಗ ನಡೆಯುತ್ತಿರುವ ದಾರಿಯನ್ನು ಅವರು ಎದುರು ದಿಕ್ಕಿನಿಂದ ನಡೆದಿದ್ದರು. ಕೈನ್ ಎನ್ನುತ್ತ ಬೆಳೆದವರು ಇಲ್ಲ, ಅಲ್ಲ, ಬೇಡ ಮೂರನ್ನೂ ಬಿಡಿಸಿಕೊಳ್ಳಬೇಕಾಗಿತ್ತು. ಅಷ್ಟೇ ಅಲ್ಲ, ಹಳಗನ್ನಡದ ‘ಅರಿಯೆ’, ‘ಕಾಣೆ’, ‘ಒಲ್ಲೆ’ಗಳನ್ನೂ. ಇಲ್ಲಿ ನಿಷೇಧಕ್ಕೆ ಬೇರೆ ಪದವೇ ಇಲ್ಲ, ಅದು ಕ್ರಿಯಾಪದದ ಒಡಲೊಳಗೇ ಕರಗಿದೆ. ಜರ್ಮನ್ ನಿಷೇಧವನ್ನು ನಾಮಪದದ ಮುಂದಿನ ಪುಟ್ಟ ಪದದೊಳಗೆ ಇಟ್ಟಿತು, ಕನ್ನಡ ಕ್ರಿಯಾಪದದೊಳಗೆ ಇಟ್ಟಿತು. ಕೈನ್ ಕಲಿತ ಮೇಲೆ ‘ಒಲ್ಲೆ’ ಎಂಬ ಪದ ನನಗೆ ಹೊಸದಾಗಿ ಕೇಳಿಸುತ್ತದೆ. ಊರಿನಲ್ಲಿ ನನ್ನ ಅಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಅದು.

ಎಲ್ಲವೂ ಬಗೆಹರಿಯಿತು ಎಂದಲ್ಲ. ನಾಮಪದ ಕ್ರಿಯಾಪದಕ್ಕೆ ಗಟ್ಟಿಯಾಗಿ ಅಂಟಿಕೊಂಡ ಕಡೆ ಈಗಲೂ ನಿಂತು ಯೋಚಿಸುತ್ತೇನೆ. ‘ನಾನು ಕಾರು ಓಡಿಸುವುದಿಲ್ಲ’ ಎನ್ನಲು ‘ಇಷ್ ಫಾರೆ ಕೈನ್ ಔಟೊ’ ಎಂದರೂ ನಡೆಯುತ್ತದೆ, ‘ನಿಷ್ಟ್ ಔಟೊ’ ಎಂದರೂ ನಡೆಯುತ್ತದೆ. ಅಲ್ಲಿ ಕಾರು ಎಂಬುದು ಒಂದು ವಸ್ತುವೋ ಅಥವಾ ‘ಓಡಿಸುವುದು’ ಎಂಬ ಕ್ರಿಯೆಯ ತುಣುಕೋ ಎಂಬುದರ ಮೇಲೆ ಎರಡೂ ಸರಿ. ಪಿಯಾನೊ ನುಡಿಸುವ ವಿಷಯವೂ ಹೀಗೆಯೇ. ಊಟದ ಬಿಡುವಿನಲ್ಲಿ ಇಬ್ಬರು ಸಹೋದ್ಯೋಗಿಗಳನ್ನು ಕೇಳಿದೆ, ಇಬ್ಬರೂ ಇದೇ ಊರಿನವರು. ಒಬ್ಬರು ಕೈನ್ ಎಂದರು, ಇನ್ನೊಬ್ಬರು ನಿಷ್ಟ್ ಎಂದರು. ತಮ್ಮ ತಮ್ಮಲ್ಲೇ ಚರ್ಚೆ ಬೆಳೆಸಿ, ಕಾಫಿ ಆರುವವರೆಗೂ ಬಿಡಲಿಲ್ಲ.

ಬೆಂಗಳೂರಿನಲ್ಲಿ ಈಗ ಇದೇ ಪಾಠ ಓದುತ್ತಿರುವ ಹುಡುಗಿಯರು ಭಾನುವಾರ ವಿಡಿಯೊ ಕರೆ ಮಾಡಿ, “ಅಕ್ಕಾ, ಎಲ್ಲಿಂದ ಶುರು ಮಾಡಬೇಕು?” ಎಂದು ಕೇಳುತ್ತಾರೆ. ವಿಭಕ್ತಿಯ ಕೋಷ್ಟಕ ಆಮೇಲೆ ನೋಡಿಕೊಳ್ಳಿ ಎನ್ನುತ್ತೇನೆ. ಮೊದಲು ಜ್ವರ, ನೋವು, ಹಸಿವು, ಅಲರ್ಜಿ, ಸಮಯ, ಸಕ್ಕರೆ ಈ ಕೆಲವನ್ನೇ ತೆಗೆದುಕೊಂಡು ಒಬ್ಬರು ‘ಇದೆ’ ಅನ್ನಿ, ಇನ್ನೊಬ್ಬರು ‘ಇಲ್ಲ’ ಅನ್ನಿ. ಅವು ತಡೆಯಿಲ್ಲದೆ ಬಂದ ಮೇಲೆ ‘ನನ್ನ’ ಸೇರಿಸಿ ‘ನನ್ನ ಮಾತ್ರೆ, ನನ್ನ ಮಾತ್ರೆ ಅಲ್ಲ’ ಎಂದು ನಿಷ್ಟ್ ಕಡೆಗೆ ಬನ್ನಿ. ಕಳೆದ ವಾರ ಅವರಲ್ಲೊಬ್ಬಳು ಕರೆ ಮುಗಿಸುವಾಗ, ನಾನು ಕೇಳದೆಯೇ, “ಇಷ್ ಹಾಬೆ ಕೈನೆ ಫ್ರಾಗೆನ್ ಮೇರ್” ಎಂದಳು, ಇನ್ನು ಪ್ರಶ್ನೆಗಳಿಲ್ಲ. ಬಹುವಚನ, ‘ಮೇರ್’, ಅದರ ಜಾಗ, ಮೂರೂ ಸರಿಯಾಗಿದ್ದವು.